ಮೆಣಸಿನಕಾಯಿಗೆ ಹೇಳಿದ ಹವಾಮಾನ

ರಾಕೆಟ್ ಹಾರಿಸುವ ದಿನ ಮಳೆ, ಗಾಳಿ, ಸಿಡಿಲು ಹೇಗಿರುತ್ತವೆಂದು ಮೊದಲೇ ಹೇಳುವುದು ನನ್ನ ಕೆಲಸ. ಬ್ಯಾಡಗಿಯಲ್ಲಿ ಕಣದ ತುಂಬ ಮೆಣಸಿನಕಾಯಿ ಹರವಿದ್ದ ಗಂಗವ್ವ ಎಂಬವರ ಮುಂದೆ ಅದನ್ನು ಹೇಳಿ ಸಿಕ್ಕಿಬಿದ್ದೆ.

"ಹಂಗಾರ ಇವತ್ತ ಮಳಿ ಬರತೈತೇನ್ರಿ?"

ಫೋನಿನಲ್ಲಿ ಮೋಡದ ಚಿತ್ರ ನೋಡಿ, "ಬರಬಹುದು, ಮುಚ್ಚಿಬಿಡಿ" ಎಂದೆ. ಅನುಮಾನವಿದ್ದರೆ ರಾಕೆಟ್ ನಿಲ್ಲಿಸುವುದೇ ನಮ್ಮ ರೂಢಿ. ಇಬ್ಬರೂ ಸೇರಿ ತಾಡಪತ್ರಿ ಹೊದಿಸಿದೆವು.

ಮಧ್ಯಾಹ್ನ ಬಿಸಿಲು ಸುಡತೊಡಗಿತು. ಪಕ್ಕದ ಕಣದವರ ಕಾಯಿ ಒಣಗುತ್ತಿತ್ತು, ನಮ್ಮದು ಒಳಗೇ ಬೆವರುತ್ತಿತ್ತು.

"ಹಿಂಗಾದ್ರ ರಾಕೆಟ್ಟಿನವ್ರು ನಿಮಗ ಏನಂತಾರ್ರಿ?" ಗಂಗವ್ವ ನಿಜವಾದ ಕುತೂಹಲದಿಂದಲೇ ಕೇಳಿದರು.

"ಮುಂದಿನ ಸಲ ಸರಿಯಾಗಿ ನೋಡು ಅಂತಾರೆ."

"ನಾ ಹಂಗ ಅನ್ನೂದಿಲ್ಲರಿ. ಮೂಗಿಗೆ ಟವೆಲ್ ಕಟಗೊಂಡು ತಾಡಪತ್ರಿ ಆ ತುದಿ ಹಿಡೀರಿ, ತಗಿಯೂಣು. ಇಲ್ಲಾಂದ್ರ ಸಂಜಿತನಕ ಸೀನತೀರಿ."

ನಾನು ಟವೆಲ್ ಕಟ್ಟಿಕೊಳ್ಳಲಿಲ್ಲ. ಆ ದಿನ ನಿಜವಾದ ಮುನ್ಸೂಚನೆ ಗಂಗವ್ವ ಹೇಳಿದ್ದೊಂದೇ.