ಹಾಳೆಯ ಹಿಂಬದಿಗೆ ಬಿದ್ದ ಅಂಕ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಬಿ.ಎ. ಮೊದಲ ವರ್ಷದವರಿಂದ ತಿಂಗಳಿಗೊಂದು ವಾದ ಬರೆಸುವುದು ನನ್ನದೇ ಏರ್ಪಾಡು. ವಿಷಯ ಅವರಿಷ್ಟ, ಅಳತೆ ನನ್ನದು: ಒಂದೇ ಹಾಳೆ. ಹತ್ತು ಅಂಕದಲ್ಲಿ ಸ್ವಂತ ಕಾರಣಗಳಿಗೆ ಐದು, ಎದುರು ಪಕ್ಷಕ್ಕೆ ಕೊಟ್ಟ ಉತ್ತರಕ್ಕೆ ಮೂರು, ಭಾಷೆಗೆ ಎರಡು. ಸ್ಟಾಫ್ ರೂಮಿನಲ್ಲಿ ಕೆಲವರು ಪುಟ ಎಣಿಸಿ ಅಂಕ ಹಾಕುತ್ತಿದ್ದ ಕಾಲ ಅದು. ನಾನು ಮಾತ್ರ ಹಾಕಿದ ಪ್ರತಿ ಅಂಕಕ್ಕೂ ಕಾರಣ ಹೇಳಬಲ್ಲೆ, ಹಾಕಿದ್ದನ್ನು ತಿದ್ದುವವನಲ್ಲ ಎಂದು ಬೀಗುತ್ತಿದ್ದೆ.

ಆ ಜಂಭ ಸುಮ್ಮನೆ ಬಂದದ್ದಲ್ಲ. ಕುಣಿಗಲ್ಲಿನ ವಿದ್ಯಾರ್ಥಿಯೊಬ್ಬ ಕೆರೆ ಏರಿಯ ಮೇಲೆ ಲಾರಿ ಬಿಡಬಾರದೆಂದು ಬರೆದು, ನಾಲ್ಕು ಬಂತೆಂದು ನನ್ನ ಹತ್ತಿರ ಜಗಳಕ್ಕೇ ಬಂದಿದ್ದ. ಲಾರಿಯವರು ಏನನ್ನುತ್ತಾರೆಂದು ಕೇಳಿದೆಯಾ ಎಂದೆ. ಮುಂದಿನ ಸಲ ಕೇಳಿಕೊಂಡೇ ಬರೆದ, ಏಳು ತೆಗೆದುಕೊಂಡ. ಇಂಥವನ್ನು ಕಂಡಾಗ ನನ್ನ ಕ್ರಮದ ಮೇಲೆ ನನಗೇ ಮೋಹ ಬರುತ್ತಿತ್ತು.

ಮುಕ್ಕಾಲು ಪಾಲು ಮಕ್ಕಳು ಒಂದು ಮಗ್ಗುಲಲ್ಲೇ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಹಾಗಾಗಿ ಹಾಳೆ ತಿರುಗಿಸುವ ಅಭ್ಯಾಸ ನನಗೆ ಮೆಲ್ಲಗೆ ತಪ್ಪಿಹೋಗಿತ್ತು.

ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ತಂದೆಗೆ ಅಲ್ಲಿ ಹಾಸಿಗೆ ಹೊಲಿಯುವ ಅಂಗಡಿ. ಹೆಣ್ಣುಮಕ್ಕಳು ಬೇರೆ ಊರಿಗೆ ಹೋಗಿ ಓದಬೇಕೆ ಎಂಬುದು ಅವಳು ಆರಿಸಿಕೊಂಡ ವಿಷಯ. ನೆಂಟರು ಆಡಿಕೊಳ್ಳುತ್ತಾರೆ, ಬಿ.ಎ. ಆದವಳಿಗೆ ಗಂಡು ಸಿಗುವುದು ಕಷ್ಟ, ಸಂಜೆ ಬಸ್ಸು ತಡವಾದರೆ ಸ್ಟ್ಯಾಂಡಿನಿಂದ ಮನೆಗೆ ಒಬ್ಬಳೇ ನಡೆಯಬೇಕು. ಮೂರು ಮಾತು ಹೇಳುವಷ್ಟರಲ್ಲಿ ಪುಟ ಮುಗಿದಿತ್ತು. ದಿನಾ ಬಸ್ಸು ಹತ್ತುವವಳೇ ಹೀಗೆ ಬರೆದಳಲ್ಲ ಎಂದು ನನಗೆ ಸಿಟ್ಟು ಬಂತು. ಎದುರು ಪಕ್ಷಕ್ಕೆ ಉತ್ತರ ಎಲ್ಲಿ ಎಂದು ಗೀಚಿ, ಕೆಳಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ದಪ್ಪಗೆ ಮೂರು ಹಾಕಿದೆ.

ಹಾಳೆ ಕೊಟ್ಟ ಮಾರನೆಯ ದಿನದಿಂದ ಅವಳು ಬರಲಿಲ್ಲ. ವಾರ ಕಳೆದ ಮೇಲೆ ಅವಳ ಗೆಳತಿಯನ್ನು ಕೇಳಿದರೆ, ಅಪ್ಪ ಕಾಲೇಜು ಬಿಡಿಸಿದ್ದಾರೆ ಎಂದಳು. ಭಾನುವಾರ ಗುಬ್ಬಿ ಬಸ್ಸು ಹತ್ತಿದೆ. ಹೆಣ್ಣುಮಕ್ಕಳ ಓದಿನ ಬಗ್ಗೆ ಆ ಮನುಷ್ಯನಿಗೆ ಚೆನ್ನಾಗಿ ಪಾಠ ಮಾಡಬೇಕೆಂದು ದಾರಿಯುದ್ದಕ್ಕೂ ಭಾಷಣ ಕಟ್ಟಿಕೊಂಡೇ ಹೋದೆ.

ಅವಳ ತಂದೆ ಅಂಗಡಿಯಲ್ಲಿ ನನ್ನನ್ನು ಕೂರಿಸಿ ಟೀ ತರಿಸಿದರು. ಆಮೇಲೆ ಕತ್ತರಿಯ ಕೆಳಗಿಂದ ಅದೇ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಈ ಮೂರು ಮಾತೂ ನನ್ನವೇ ಮೇಷ್ಟ್ರೇ. ಕಾಲೇಜು ಸಾಕು ಅಂತ ನಾನೇ ಮನೇಲಿ ಆಡಿದ್ದು. ಹಿಂದ್ಗಡೆ ಅವ್ಳು ಬರ್ದಿರೋದು ಓದಿದ್ಮೇಲೆ ನನ್ ಬಾಯಿ ಕಟ್ಟೋಯ್ತು. ಅದಕ್ಕೆ ನೀವು ಮೂರು ಹಾಕಿದೀರಿ. ಅಂಥಾ ಕಾಲೇಜಿಗೆ ನಾನ್ಯಾಕೆ ಕಳಿಸ್ಲಿ?"

ಹಾಳೆ ತಿರುಗಿಸಿದೆ. ಹಿಂಬದಿ ತುಂಬ ಅವಳ ಅಕ್ಷರ. ಆಡಿಕೊಳ್ಳುವ ನೆಂಟರೇ ಅರ್ಜಿ ಬರೆಸಲು ತನ್ನ ಹತ್ತಿರ ಬರುತ್ತಾರೆ ಎಂದು ಬರೆದಿದ್ದಳು. ಓದದ ಅಕ್ಕನಿಗೂ ಗಂಡು ಹುಡುಕಲು ಮೂರು ವರ್ಷ ಹಿಡಿಯಿತಲ್ಲ ಎಂದು ಕೇಳಿದ್ದಳು. ಓದಬೇಕೆಂಬುದಕ್ಕೆ ತನ್ನ ಕಾರಣಗಳನ್ನೂ ಒಂದೊಂದಾಗಿ ಜೋಡಿಸಿದ್ದಳು. ಮತ್ತೆ ಮುಂಬದಿ ನೋಡಿದೆ. ಕೆಳಮೂಲೆಯಲ್ಲಿ ಅವಳು ಸಣ್ಣಗೆ ಬರೆದಿದ್ದ ಪಿ.ಟಿ.ಓ. ನನ್ನ ಕೆಂಪು ಮೂರರ ಅಡಿಯಲ್ಲಿ ಸಿಕ್ಕಿಕೊಂಡಿತ್ತು.

ಕಟ್ಟಿಕೊಂಡು ಹೋಗಿದ್ದ ಭಾಷಣ ಎತ್ತಲೋ ಹಾರಿಹೋಯಿತು. ಅಂಗಡಿಯಿಂದ ಮನೆಗೆ ಹೋಗುವ ಒಳಬಾಗಿಲಲ್ಲಿ ನಿಂತಿದ್ದ ಹುಡುಗಿಗೆ, ನಾನು ಹಿಂಬದಿ ಓದಿರಲಿಲ್ಲ, ತಪ್ಪು ನನ್ನದು ಎಂದೆ. ಜೇಬಿನಿಂದ ಪೆನ್ನು ತೆಗೆದು ಮೂರನ್ನು ಹೊಡೆದು, ಪಕ್ಕದಲ್ಲಿ ಒಂಬತ್ತು ಬರೆದು ರುಜು ಹಾಕಿದೆ. ಅಂಕ ತಿದ್ದಿದ್ದು ನನ್ನ ಕೆಲಸದಲ್ಲಿ ಅದೇ ಮೊದಲು.

ಅವರು ಹಾಳೆ ಹಿಡಿದು ನೋಡಿ, ಒಂದು ಯಾಕೆ ಬಿಟ್ಟಿರಿ ಎಂದರು. ಈ ಪ್ರಶ್ನೆಗಂತೂ ನನ್ನ ಹತ್ತಿರ ಉತ್ತರವಿತ್ತು. ಎದುರು ಪಕ್ಷದ್ದು ಮೂರು ಮಾತು, ಇವಳು ಉತ್ತರ ಕೊಟ್ಟಿರುವುದು ಎರಡಕ್ಕೆ, ಸಂಜೆ ಬಸ್ಸಿನ ಮಾತು ಹಾಗೇ ಉಳಿದಿದೆ ಎಂದೆ.

ಅವರು ಅರ್ಧ ಹೊಲಿದ ಹಾಸಿಗೆಯನ್ನು ಪಕ್ಕಕ್ಕೆ ಸರಿಸಿದರು.

"ಅದಕ್ಕೆ ಅವ್ಳು ಏನಂತ ಬರೀತಾಳೆ ಮೇಷ್ಟ್ರೇ, ಅದು ನಾನು ಹೇಳ್ಬೇಕಾದ್ದು. ನಾಳೆಯಿಂದ ಸಂಜೆ ಬಸ್ ಸ್ಟ್ಯಾಂಡಲ್ಲಿ ನಾನೇ ನಿಂತಿರ್ತೀನಿ."

ಒಂಬತ್ತನ್ನು ಹತ್ತು ಮಾಡಿಬಿಡಲೇ ಎಂದು ಪೆನ್ನಿನ ಕ್ಯಾಪು ಮತ್ತೆ ತೆಗೆದೆ. ಆದರೆ ಮಾಡಲಿಲ್ಲ. ಆ ಒಂದು ಅಂಕ ಅವಳ ಅಪ್ಪನಿಗೆ ಸಲ್ಲಬೇಕಾದದ್ದು.