ಅಕ್ಕೋರ ಎರಡನೆಯ ದನಿ

ಅಕ್ಕೋರು ಉಸಿರು ಬಿಟ್ಟಾಗಲೆಲ್ಲ ಕೊರಳಿಗೆ ಕಟ್ಟಿದ ಬಿಳಿ ಅರಿವೆ ಸಣ್ಣಗೆ ಉಬ್ಬಿ ಇಳಿಯುತ್ತಿತ್ತು. ಗಂಟಲಿನ ಆಪರೇಶನ್ ಆದಮೇಲೆ ಅವರು ಉಸಿರಾಡುತ್ತಿದ್ದುದು ಕೊರಳಿನ ತೂತಿನಿಂದ. ಮೊದಲ ಸಲ ಎದುರು ಕೂತಾಗ ನನ್ನ ಕಣ್ಣು ಅವರ ಮುಖ ಬಿಟ್ಟು ಆ ಅರಿವೆಯ ಮೇಲೇ ಇತ್ತು. ಅವರಿಗದು ಗೊತ್ತಾಯಿತು. ಬೆರಳಿನಿಂದ ಅದನ್ನು ತುಸು ಎತ್ತಿ ತೋರಿಸಿ, ಮತ್ತೆ ಮುಚ್ಚಿ, ನಕ್ಕರು. ಸಪ್ಪಳವಿಲ್ಲದ ನಗು.

ಬೆಟಗೇರಿಯ ಆ ಓಣಿಯಲ್ಲಿ ಅವರ ಪಕ್ಕದ ಮನೆಗೆ ನಾವು ಬಾಡಿಗೆಗೆ ಬರುವ ಮೊದಲೇ ಅವರು ದನಿ ಕಳೆದುಕೊಂಡಿದ್ದರು. ಅಡರಕಟ್ಟಿ, ಡೋಣಿಯ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಅಕ್ಕೋರು. ಶಿರಹಟ್ಟಿಯಲ್ಲಿದ್ದ ಅವರ ತಮ್ಮ ತನ್ನ ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟು, ಬರೆದದ್ದನ್ನು ಅದು ಬರೆದಂತೆಲ್ಲ ಗಟ್ಟಿಯಾಗಿ ಓದುವಂತೆ ಮಾಡಿಹೋಗಿದ್ದ. ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳೆಂದು ತಿಳಿದ ದಿನದಿಂದ ಅದರ ದೇಖರೇಖಿ ನನ್ನ ಪಾಲಿಗೆ ಬಂತು.

ಯಂತ್ರದ ದನಿ ಸಣ್ಣ ವಯಸ್ಸಿನ ಹೆಂಗಸಿನದು, ಏರಿಳಿತವಿಲ್ಲದ್ದು. ‘ಚಾ ಕುಡೀತಿಯೇನವಾ’ ಎಂದು ಅಕ್ಕೋರು ಬರೆದರೆ ಅದು ವಾರ್ತೆ ಓದಿದಂತೆ ಓದುತ್ತಿತ್ತು. ಅವರು ಬರೆಯುವಾಗ ಮುಂದಿನ ಶಬ್ದವನ್ನು ನಾನೇ ಊಹಿಸಿ ಹೇಳಿದರೆ ಅಂಗೈ ಎತ್ತಿ ತಡೆಯುತ್ತಿದ್ದರು. ‘ನನ್ನ ಮಾತು ನಾನ ಮುಗಸ್ತೀನಿ’ ಎಂದು ಬರೆದು, ಓದಿಸಿ, ಆಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತಿದ್ದರು. ಕ್ಲಾಸಿನಲ್ಲಿ ತೊದಲುವ ಮಕ್ಕಳ ಮಾತನ್ನು ನಾನು ಇವತ್ತಿಗೂ ನಡುವೆ ತುಂಡರಿಸುವುದಿಲ್ಲ.

ಒಂದು ಬೇಸಿಗೆಯ ಸಂಜೆ ಅಕ್ಕೋರು ನಮ್ಮ ಬಾಗಿಲಿಗೆ ಬಂದು ನನ್ನ ಕೈ ಹಿಡಿದು ಎಳೆದರು. ಅಂಥ ಸೆಕೆಯಲ್ಲೂ ಅವರ ಬೆರಳು ತಣ್ಣಗಿದ್ದವು. ಅವರ ಮನೆಯ ಖಾಲಿ ಕೋಣೆಯಿಂದ ಆ ದನಿ ಬರುತ್ತಿತ್ತು. “ಕ, ಕ, ಕ, ಕ...” ಕೀಬೋರ್ಡ್ ಹತ್ತಿರ ಯಾರೂ ಇರಲಿಲ್ಲ. ಪರದೆಯ ಮೇಲೆ ಅಕ್ಷರ ಸಾಲುಗಟ್ಟಿ ಇಳಿಯುತ್ತಿತ್ತು. ಕಿಟಕಿಯಲ್ಲಿ ಹಣಿಕಿ ಹಾಕಿದ ಎದುರುಮನೆಯಾಕೆ, “ಹ್ವಾದ ದನಿ ತಿರುಗಿ ಬಂದೈತಿ ನೋಡ್ರಿ,” ಎಂದಳು.

ಲ್ಯಾಪ್‌ಟಾಪಿನ ಸ್ವಂತ ಕೀಲಿಗಳು ಕೆಟ್ಟಿದ್ದವು. ಚಲೋ ಇದ್ದ ಒಂದೇ ಯುಎಸ್‌ಬಿ ಕಿಂಡಿಗೆ, ಒಂದನ್ನು ನಾಲ್ಕು ಮಾಡುವ ಹಬ್ ಸಿಕ್ಕಿಸಿ, ಅದಕ್ಕೆ ಕೀಬೋರ್ಡ್, ಮೌಸ್, ಸ್ಪೀಕರ್, ಒಂದು ಪುಟ್ಟ ಫ್ಯಾನ್ ಹಚ್ಚಿದ್ದರು. ನಾನು ಎಲ್ಲವನ್ನೂ ಕಿತ್ತೆ. ಕೀಬೋರ್ಡನ್ನು ನೇರ ಲ್ಯಾಪ್‌ಟಾಪಿಗೆ ಹಚ್ಚಿದರೆ ಸರಿಯಿತ್ತು. ಹಬ್ಬಿಗೆ ಹಚ್ಚಿದೆ, ಆಗಲೂ ಸರಿ. ಮೌಸ್, ಸ್ಪೀಕರ್ ಸೇರಿಸಿದೆ. ಫ್ಯಾನ್ ತಿರುಗಿದ್ದೇ ತಡ, ಲ್ಯಾಪ್‌ಟಾಪ್ ‘ಟುಡುಂ’ ಎಂದು ಕೀಬೋರ್ಡನ್ನು ಕೈಬಿಟ್ಟಿತು, ಮತ್ತೆ ಹಿಡಿಯಿತು.

“ಭೂತ ಅಲ್ರೀ ಅಕ್ಕೋರ,” ಎಂದೆ. “ಇಷ್ಟಕ್ಕೂ ಸಾಲೂವಷ್ಟು ಕರೆಂಟು ಈ ಒಂದು ಕಿಂಡ್ಯಾಗ ಬರೂದಿಲ್ಲ. ಕೀಲಿ ಒತ್ತಿದ ಹೊತ್ತಿಗೇ ಕೀಬೋರ್ಡಿನ ಕನೆಕ್ಷನ್ ಕಡದ್ರ, ನೀವು ಬೆರಳ ತಗದಿದ್ದು ಇದಕ್ಕ ತಿಳಿಯೂದಿಲ್ಲ. ಒತ್ತಿಕೊಂಡ ಕುಂತಾರ ಅಂತ ಓದಕೋತ ಹೊಕ್ಕೈತಿ. ಆ ಫ್ಯಾನ್ ತಗೀರಿ.”

ಅಂಗೈ ಮೇಲೆದ್ದಿತು. ಆ ಗಾಳಿ ಅವರ ಕೊರಳಿಗೆ ಬೇಕಿತ್ತು. ಕಡೆಗೆ ಗದಗಿನ ಪೇಟೆಯಿಂದ ಅಡಾಪ್ಟರ್ ಇರುವ ಹಬ್ ತಂದೆ. ಅದು ಗೋಡೆಯ ಪ್ಲಗ್ಗಿನಿಂದಲೇ ಕರೆಂಟ್ ತೆಗೆದುಕೊಳ್ಳುವಂಥದ್ದು. ದನಿ ತಾನಾಗಿ ಮಾತಾಡುವುದನ್ನು ಬಿಟ್ಟಿತು.

ಮುಂದೊಂದು ರವಿವಾರ ಮಧ್ಯಾಹ್ನ ಕರೆಂಟ್ ಹೋಯಿತು. ಓಣಿಯ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಆ ಮೌನದಲ್ಲಿ ಗೋಡೆಯಾಚೆಯಿಂದ ಕೇಳಿಸಿತು: “ಬ, ಬ, ಬ, ಬ...” ಬಾ, ಬಾ ಎಂದು ಕರೆದಂತೆ.

ಕಾರಣ ನನಗೆ ಗೊತ್ತಿತ್ತು. ಅಡಾಪ್ಟರಿಗೆ ಕರೆಂಟ್ ಇಲ್ಲ, ಎಲ್ಲದರ ಭಾರ ಮತ್ತೆ ಲ್ಯಾಪ್‌ಟಾಪಿನ ಆ ಒಂದು ಕಿಂಡಿಯ ಮೇಲೆ ಬಿದ್ದಿದೆ. ಊಟಕ್ಕೆ ಕೂತಿದ್ದೆ. ಕರೆಂಟ್ ಬಂದರೆ ತಾನೇ ಸರಿಯಾದೀತೆಂದು ಸುಮ್ಮನಿರಲು ನೋಡಿದೆ. ಅದು ನಿಲ್ಲಲಿಲ್ಲ. ಕೈ ತೊಳೆದು, ಆ ಹಬ್ಬನ್ನೇ ಕಿತ್ತಿಟ್ಟು ಬರೋಣವೆಂದು ಬೇಸರದಿಂದಲೇ ಹೋದೆ.

ಬಾಗಿಲು ಬರೀ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಖುರ್ಚಿ ಖಾಲಿ. ಪುಟ್ಟ ಫ್ಯಾನ್ ಆ ಖಾಲಿ ಖುರ್ಚಿಗೆ ಗಾಳಿ ಹಾಕುತ್ತಿತ್ತು.

“ಅಕ್ಕೋರ?”

ಅಡಿಗೆಮನೆಯ ಹೊಸ್ತಿಲಲ್ಲಿ ಅವರು ಬಿದ್ದಿದ್ದರು. ಪಕ್ಕದಲ್ಲಿ ತಂಬಿಗೆ ಉರುಳಿ ನೀರು ಚೆಲ್ಲಿತ್ತು. ಕೊರಳಿನ ಅರಿವೆ ತೊಯ್ದು ತೂತಿಗೆ ಅಂಟಿಕೊಂಡಿತ್ತು. ಅದು ಉಬ್ಬುತ್ತಿರಲಿಲ್ಲ. ನಾನು ಕಿತ್ತು ತೆಗೆದೆ. ಗೊರ್ರೆಂದು ಸಪ್ಪಳ ಮಾಡುತ್ತ ಗಾಳಿ ಒಳಗೆ ಹೋಯಿತು, ಅವರ ಎದೆ ಎದ್ದಿತು. ನಾನು ಮಂದಿಯನ್ನು ಕೂಗುತ್ತಿದ್ದರೆ ನನ್ನ ಬೆನ್ನ ಹಿಂದೆ ಆ ದನಿಯೂ ಕರೆಯುತ್ತಲೇ ಇತ್ತು.

ದವಾಖಾನೆಯಿಂದ ಮನೆಗೆ ಬಂದಮೇಲೆ ಕೇಳಿದೆ: “ಬೀಳೂಕಿಂತ ಮೊದಲ ನನ್ನ ಕರದಿದ್ರೇನ್ರಿ?”

‘ಇಲ್ಲ. ತಮ್ಮಗ ಬರಿಯೂದು ಮುಗಿಸಿ ನೀರು ಕುಡ್ಯಾಕ ಎದ್ದೆ. ಕಣ್ಣಿಗೆ ಕತ್ತಲಿ ಬಂತು.’

ಅಂದು ಬರೆದದ್ದನ್ನು ಇಬ್ಬರೂ ತೆರೆದು ನೋಡಿದೆವು. ‘ಮಾವಿನಕಾಯಿ ಕಳಸು.’ ಅಲ್ಲಿಗೆ ಚುಕ್ಕೆ ಇಟ್ಟು ಮುಗಿಸಿದ್ದರು. ಅದರ ಕೆಳಗೆ ಪರದೆಯ ತುಂಬ ಬ. ಆ ಕೊನೆಯ ವಾಕ್ಯದಲ್ಲಿ ಎಲ್ಲೂ ‘ಬ’ ಇರಲಿಲ್ಲ. ಚುಕ್ಕೆ ಇಟ್ಟು ಎದ್ದುಹೋದವರು ಒತ್ತದೇ ಇದ್ದ ಅಕ್ಷರ ಅದು. ಕರೆಂಟಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಲ್ಲಿಗೆ ಮುಗಿಯುತ್ತದೆ.

ಅಕ್ಕೋರು ಕೀಬೋರ್ಡ್ ಹತ್ತಿರ ಎಳೆದುಕೊಂಡರು. ಆಮೇಲೆ ನಿಧಾನವಾಗಿ ಬರೆದರು. ಯಂತ್ರ ಓದಿತು: “ಯಾರ ಕರದಿರಲಿ, ನೀ ಬಂದಿ. ಆತು.”

ಕೆಲವು ವರ್ಷಗಳಾದ ಮೇಲೆ ಅವರು ಶಿರಹಟ್ಟಿಯಲ್ಲಿ, ತಮ್ಮನ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಮಣ್ಣಿಗೆ ಬಂದ ಡೋಣಿಯ ಹಳೆಯ ವಿದ್ಯಾರ್ಥಿಗಳೆಲ್ಲ ಅವರ ದನಿಯನ್ನೇ ನೆನೆದರು. “ಸಾಲಿ ಅಂಗಳದಾಗ ನಿಂತು ಒದರಿದ್ರ ಗುಡ್ಡದಾಗಿನ ದನಾ ತಿರುಗಿ ನೋಡ್ತಿದ್ದೂರಿ,” ಎಂದ ಒಬ್ಬ. ನಾನು ತಲೆಯಾಡಿಸಿದೆ. ಆ ದನಿ ನಾನು ಕೇಳಿದ್ದೇ ಇಲ್ಲ.

ಕಳೆದ ತಿಂಗಳು ಲಕ್ಷ್ಮೇಶ್ವರದ ಒಂದು ಕಣ್ಣಿನ ದವಾಖಾನೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ಗೋಡೆಯ ಸ್ಪೀಕರಿನಿಂದ ಅಕ್ಕೋರು ಮಾತಾಡಿದರು. ಅದೇ ಹೆಂಗಸು, ಏರಿಳಿತವಿಲ್ಲದ ಅದೇ ದನಿ. ಯಾವುದೋ ನಂಬರಿನವರನ್ನು ಒಳಗೆ ಕರೆಯುತ್ತಿದ್ದರು. ನನಗೆ ತಿಳಿಯುವ ಮೊದಲೇ ನಾನು ಎದ್ದು ನಿಂತು ಬಾಗಿಲ ಹತ್ತಿರ ಹೋಗಿದ್ದೆ.

ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಚೀಟಿ ನೋಡಿ ಸೆರಗು ಜಗ್ಗಿದಳು.

“ನಿಮ್ಮ ಪಾಳಿ ಇನ್ನಾ ಬಂದಿಲ್ರಿ. ಕುಂಡ್ರಿ.”

ಕೂತೆ.