ಬೆಳಗಿನ ಐದಕ್ಕೆ ಯಾವ ತಾರೀಖು?

ಸಮಯ ಐದು ಗಂಟೆ ಹತ್ತು ನಿಮಿಷ. ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರ ಮೂರನೇ ಮಹಡಿಯಲ್ಲಿ ಡಯಾಲಿಸಿಸ್‌ಗೆ ಬಂದವರ ರಕ್ತ ತೆಗೆಯುತ್ತಿದ್ದಾರೆ. ಕೆಳಗೆ ನೆಲಮಾಳಿಗೆಯಲ್ಲಿ, ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವ ಮಹಾದೇವಿ ಎಸಿಯ ಚಳಿಗೆ ಸ್ವೆಟರ್ ಹಾಕಿಕೊಂಡು ಕಂಪ್ಯೂಟರ್ ಪರದೆ ನೋಡುತ್ತಿದ್ದಾರೆ. ಡೊಂಬಿವಲಿಯಿಂದ ನಾಲ್ಕರ ಲೋಕಲ್ ರೈಲು ಹಿಡಿದು ಬಂದವರು. ಇಂದಿನ ರಿಪೋರ್ಟು ಇಂದಿನ ತಾರೀಖಿನಲ್ಲೇ ಸಿಗುತ್ತದೆಯೇ ಎಂಬುದು ಅವರ ಇವತ್ತಿನ ಪರೀಕ್ಷೆ.

ಹೋದ ತಿಂಗಳು ಸರ್ವರ್ ಬದಲಾದಾಗಿನಿಂದ, ನಸುಕಿನಲ್ಲಿ ರಕ್ತ ಕೊಟ್ಟವರ ರಿಪೋರ್ಟು ಹುಡುಕಿದರೆ ಸಿಗುತ್ತಿರಲಿಲ್ಲ. ಸಿಗದಿದ್ದರೆ ಮತ್ತೆ ಸೂಜಿ. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಗುರಲಿಂಗಪ್ಪನವರಿಗೆ ಒಂದೇ ವಾರದಲ್ಲಿ ಮೂರು ದಿನ ಎರಡೆರಡು ಸಲ ಚುಚ್ಚಿದರು. ದಿನಕ್ಕೆ ಇಂಥವರು ಅರವತ್ತು ಮಂದಿ. ಬೈಸಿಕೊಂಡವರು ಮಾತ್ರ ನರ್ಸ್‌ಗಳು, ಪಾಪ.

ರಿಪೋರ್ಟು ಕಳೆದಿರಲಿಲ್ಲ, ನಿನ್ನೆಯ ಪಟ್ಟಿಯಲ್ಲಿ ಕೂತಿತ್ತು. ಡೇಟಾಬೇಸ್ ಸಮಯವನ್ನು ಗ್ರೀನಿಚ್ ಲೆಕ್ಕದಲ್ಲಿ ಇಡುತ್ತದೆ. ಅಲ್ಲಿ ದಿನ ಬದಲಾಗುವಾಗ ನಮಗೆ ಬೆಳಗಿನ ಐದೂವರೆ. ಎರಡು ಕೋಟಿ ದಾಖಲೆಗಳಲ್ಲಿ ಬೇಕಾದ್ದು ತಟ್ಟನೆ ಸಿಗಲು ತಾರೀಖಿನ ಇಂಡೆಕ್ಸ್ ಬೇಕು, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಯಾವ ಊರಿನ ತಾರೀಖು ಎಂದು ಹೇಳದೆ ಅದನ್ನು ಕಟ್ಟಲು ಡೇಟಾಬೇಸ್ ಒಪ್ಪುವುದಿಲ್ಲ. ಹಿಂದೆ ಯಾರೋ ಅವಸರದಲ್ಲಿ, ಎಲ್ಲಿಂದ ಕೇಳಿದರೂ ತಾರೀಖು ಒಂದೇ ಎಂದು ಡೇಟಾಬೇಸನ್ನು ನಂಬಿಸಿದ್ದರು. ಹಳೆಯ ಸರ್ವರ್ ತಾರೀಖನ್ನು ಮುಂಬಯಿ ಸಮಯಕ್ಕೆ ಲೆಕ್ಕ ಹಾಕುತ್ತಿದ್ದಷ್ಟು ದಿನ ಆ ಸುಳ್ಳು ನಡೆಯಿತು. ಹೊಸದು ಗ್ರೀನಿಚ್ ಸಮಯದ್ದು; ಐದೂವರೆಗೆ ಮೊದಲು ತೆಗೆದ ರಕ್ತವೆಲ್ಲ ಅದಕ್ಕೆ ನಿನ್ನೆಯದು.

“ಅದು ಬರೋಬರಿ ಕೇಳಿತ್ರೀ, ಯಾವ ಊರಿನ ತಾರೀಖು ಅಂತ. ನಾವ ಸುಳ್ಳ ಹೇಳಿ ಬಾಯಿ ಮುಚ್ಚಿಸಿದ್ವಿ,” ಎನ್ನುತ್ತಾರೆ ಮಹಾದೇವಿ. ತಾವು ಮಾಡದ ತಪ್ಪಿಗೂ ‘ನಾವು’ ಎನ್ನುವ ಈ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟುತ್ತದೆ.

ಇವರದು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಮನೆತನ. ಅಪ್ಪ ಇದೇ ಪರೇಲಿನ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಗಿರಣಿ ಮುಚ್ಚಿದ ಮೇಲೆ ಮಗಳು ಟೈಪಿಂಗ್ ಮಾಡುತ್ತ ಸಂಜೆ ಕಾಲೇಜು ಓದಿದರು. ಈ ಕೆಲಸಕ್ಕೀಗ ಹತ್ತೊಂಬತ್ತು ವರ್ಷ. ನಸುಕಿನ ನಾಲ್ಕಕ್ಕೆ ಹುಟ್ಟಿದ ಇವರ ಜನ್ಮದಿನ ದಾಖಲೆಯಲ್ಲಿ ಮಂಗಳವಾರ, ತಾಯಿ ಬಸಲಿಂಗವ್ವನ ಬಾಯಲ್ಲಿ ಸೋಮವಾರ. ಆಸ್ಪತ್ರೆಯ ಗೋಳು ಕೇಳಿ ತಾಯಿ ಕಂಪ್ಯೂಟರಿನ ಪಕ್ಷ ವಹಿಸಿದರಂತೆ: “ಹೊತ್ತು ಹುಟ್ಟೂತನಕ ನಿನ್ನಿನ ಅಲ್ಲೇನ?”

ಮಹಾದೇವಿ ಹಳೆಯ ಇಂಡೆಕ್ಸ್ ಕಿತ್ತು, ಮುಂಬಯಿ ಸಮಯ ಎಂದು ಸ್ಪಷ್ಟವಾಗಿ ಬರೆದು ಹೊಸದನ್ನು ಕಟ್ಟಿದ್ದಾರೆ. ವೈದ್ಯರ ಹುಡುಕಾಟವನ್ನೂ ಹಾಗೇ ತಿದ್ದಿದ್ದಾರೆ.

ಆರೂಕಾಲಿಗೆ ಮೇಲಿನಿಂದ ಫೋನ್ ಬರುತ್ತದೆ. ಅರವತ್ತೂ ರಿಪೋರ್ಟು ಇಂದಿನ ತಾರೀಖಿನಲ್ಲೇ ಸಿಕ್ಕಿವೆ. ನಾವು ಮೇಲೆ ಹೋದಾಗ ಗುರಲಿಂಗಪ್ಪ ಡಯಾಲಿಸಿಸ್‌ಗೆ ಕಾಯುತ್ತ ಬೆಂಚಿನ ಮೇಲೆ ತೂಕಡಿಸುತ್ತಿದ್ದಾರೆ. ತೋಳಿನ ಮೇಲೆ ಒಂದೇ ಒಂದು ಹತ್ತಿಯ ತುಣುಕು. ಎಬ್ಬಿಸಿ ಪರಿಚಯ ಹೇಳಿಕೊಳ್ಳಬಾರದೇ ಎಂದು ನಾನು ಕೇಳುತ್ತೇನೆ.

“ಏನಂತ ಹೇಳ್ಲಿ? ನಿಮ್ಮನ್ನ ನಿನ್ನೆಯಿಂದ ಇವತ್ತಿಗೆ ತಂದಾಕಿ ನಾನ ಅಂತೇನ್ರಿ?” ಮಹಾದೇವಿ ನಗುತ್ತಾರೆ. “ಒಂದ ಸಲ ಚುಚ್ಯಾರ, ನಿದ್ದಿ ಹತ್ತೇತಿ. ಮಲಗ್ಲಿ ಬಿಡ್ರಿ.”